ಸಾಕಿದ ಆಮೆಗೆ ಅಂಗಳದಲ್ಲಿ ಒಳ್ಳೆಯ ಜಾಗ

ಕುಂಬಳೆ, ಬದಿಯಡ್ಕ ಕಡೆ ಸಲ್ಕಾಟಾ ಆಮೆ ಸಾಕುವವರು ಅದನ್ನು ದಯವಿಟ್ಟು ಬರೀ ಸಿಮೆಂಟು ನೆಲದಲ್ಲಿ ಬಿಡಬೇಡಿ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಪ್ರಾಣಿ ಅದು. ಬಿಲ ತೋಡುವುದು ಅದರ ಹುಟ್ಟುಗುಣ. ಮಣ್ಣು ಬೇಕೇ ಬೇಕು.

ಸುತ್ತ ಬಲೆಗಿಂತ ಕೆಂಪುಕಲ್ಲಿನ ಗೋಡೆ ಒಳ್ಳೆಯದು. ಆಚೆ ಕಾಣುತ್ತಿದ್ದರೆ ಆಮೆ ದಿನವಿಡೀ ಬಲೆಯನ್ನೇ ತಳ್ಳುತ್ತಾ ಇರುತ್ತದೆ. ದೊಡ್ಡದಾದರೆ 40 ಕಿಲೋ ದಾಟಬಹುದು, ಹಾಗಾಗಿ ಗೋಡೆ ಗಟ್ಟಿಯಿರಲಿ. ಕೆಳಸಾಲು ಮಣ್ಣೊಳಗೆ ಹೂತಿರಲಿ, ಇಲ್ಲದಿದ್ದರೆ ಅಡಿಯಿಂದ ತೋಡಿ ಹೊರಬರುತ್ತದೆ.

ಹುಲ್ಲು, ದಾಸವಾಳದ ಎಲೆಗಳನ್ನು ಒಂದೇ ಕಡೆ ಸುರಿಯದೆ ದಿಬ್ಬದ ಮೇಲೆ, ಕಲ್ಲಿನ ಸಂದಿಯಲ್ಲಿ ಅಲ್ಲಲ್ಲಿ ಇಡಿ. ಹುಡುಕಿ ತಿಂದರೆ ಅದಕ್ಕೂ ಹೊತ್ತು ಹೋಗುತ್ತದೆ ಅಲ್ವಾ? ಕತ್ತು ಚಾಚಿ ಹೂವು ಕಚ್ಚಿ, ಮುಂಗಾಲಲ್ಲಿ ಅದುಮಿ ಹರಿಯುವುದನ್ನು ನೋಡುವುದೇ ಚೆಂದ. ಕಣಗಿಲೆ ಗಿಡ ಮಾತ್ರ ಹತ್ತಿರ ಬೇಡ, ಅದು ವಿಷ.

ನಮ್ಮಲ್ಲಿ ಕಷ್ಟ ಮಳೆಗಾಲದ್ದು. ಒದ್ದೆ ನೆಲ, ತಂಪು ಸೇರಿದರೆ ಉಸಿರಾಟದ ಕಾಯಿಲೆ ಬರುತ್ತದೆ, ಚಿಪ್ಪೂ ಕೊಳೆಯಬಹುದು. ನೀರು ನಿಲ್ಲದ ಎತ್ತರದ ಜಾಗದಲ್ಲಿ ಶೀಟು ಹಾಕಿ, ಒಣಹುಲ್ಲು ಹರಡಿ. ಬಿಸಿಲಿಲ್ಲದ ದಿನಗಳಿಗೆ ಯುವಿಬಿ ದೀಪ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ), ಬೆಚ್ಚಗಿರಲು ಇನ್ನೊಂದು ದೀಪ ಬೇಕು.

ಸಲ್ಕಾಟಾವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಎಂಬ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಕ್ಷತ್ರ ಆಮೆಯನ್ನಂತೂ ಮನೆಗೆ ತರಲೇಬೇಡಿ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.