ರೇಡ್ 0 ಮೇಲೆ ವಿಂಡೋಸ್ ಬೂಟ್ ಮಾಡಿಸಿದ ನನ್ನ ಅನುಭವ

ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನನ್ನ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಕಂಪ್ಯೂಟರ್ ಹದಿನಾಲ್ಕು ತಿಂಗಳಿಂದ ರೇಡ್ 0 ಮೇಲೆಯೇ, ಅಂದರೆ ಡೇಟಾವನ್ನು ತುಂಡುತುಂಡಾಗಿ ಎರಡು ಡಿಸ್ಕುಗಳಿಗೆ ಹಂಚಿ ವೇಗ ಹೆಚ್ಚಿಸುವ ಜೋಡಣೆಯ ಮೇಲೆಯೇ, ಬೂಟ್ ಆಗುತ್ತಿದೆ (ಶುರುವಾಗುತ್ತಿದೆ). ಡಿಸ್ಕ್ ಮಾರಿದ ಅಂಗಡಿಯ ಅಣ್ಣನವರೇ, “ಡೇಟಾಕ್ಕ ಬೇಕಾದ್ರ ಹಾಕ್ಕೋ ತಮ್ಮಾ, ಅದರ ಮ್ಯಾಲೆ ವಿಂಡೋಸ್ ಇಡಬ್ಯಾಡ, ಮೂರು ತಿಂಗಳು ನಡೆಯಂಗಿಲ್ಲ” ಎಂದಿದ್ದರು.

ಮೊದಲು ಕಳೆದುಕೊಂಡದ್ದು ಸುಮಾರು ₹1,200. ಅಷ್ಟಕ್ಕೆ ಬೆಂಗಳೂರಿನಿಂದ ತರಿಸಿದ ರೇಡ್ ಕಾರ್ಡಿಗೆ ಜೋಡಿಸಿದ ಡಿಸ್ಕುಗಳು ವಿಂಡೋಸಿನೊಳಗೆ ಕಾಣುತ್ತಿದ್ದವೇ ಹೊರತು ಬಯಾಸಿನ (ವಿಂಡೋಸಿಗೂ ಮೊದಲು ಓಡುವ, ಮದರ್‌ಬೋರ್ಡಿನ ಸೆಟ್ಟಿಂಗುಗಳ ತಂತ್ರಾಂಶದ) ಬೂಟ್ ಪಟ್ಟಿಗೆ ಬರಲೇ ಇಲ್ಲ. ವಿಂಡೋಸ್ ತಾನೇ ಮಾಡುವ ರೇಡ್ 0, ಅಂದರೆ ಸ್ಟ್ರೈಪ್ಡ್ ವಾಲ್ಯೂಮಿನಿಂದ ಬೂಟ್ ಆಗುವುದಿಲ್ಲವೆಂದು ಗೊತ್ತಿದ್ದೂ ಅದಕ್ಕೊಂದು ಭಾನುವಾರ ಹಾಳುಮಾಡಿದೆ. ಕೊನೆಗೆ ತಲಾ ಎರಡು ಸಾವಿರದ ಆಸುಪಾಸಿನ ಎರಡು 240 ಜಿಬಿ ಎಸ್‌ಎಸ್‌ಡಿ ತಂದು, ಮದರ್‌ಬೋರ್ಡಿನಲ್ಲಿಯೇ ಇದ್ದ ಇಂಟೆಲ್ ರೇಡ್ ಬಳಸಿದೆ. ಅಲ್ಲಿಯೂ ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಲಿಲ್ಲ. ಪೆನ್‌ಡ್ರೈವಿಗೆ ಹಾಕಿದ್ದ ರೇಡ್ ಡ್ರೈವರ್ (ಆ ಡಿಸ್ಕುಗಳನ್ನು ವಿಂಡೋಸಿಗೆ ಗುರುತಿಸಿಕೊಡುವ ತಂತ್ರಾಂಶ) ತೀರಾ ಹೊಸದಾಗಿದ್ದು, ನನ್ನ ಮದರ್‌ಬೋರ್ಡಿನ ಹಳೆಯ ಚಿಪ್‌ಸೆಟ್ಟನ್ನು ಅದು ಕೈಬಿಟ್ಟಿತ್ತು. ಹಳೆಯ ಆವೃತ್ತಿ ಹಾಕಿದ ಮೇಲೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಸ್ಟ್ರೈಪ್ ಗಾತ್ರವನ್ನು (ಒಂದೊಂದು ಡಿಸ್ಕಿಗೆ ಹೋಗುವ ತುಂಡಿನ ಅಳತೆಯನ್ನು) 16, 64, 128 ಕೆಬಿ ಎಂದು ಬದಲಿಸಿ ನೋಡುವ ಹುಚ್ಚಿಗೆ ಮೂರು ಬಾರಿ ವಿಂಡೋಸ್ ಹಾಕಿದೆ. ದೊಡ್ಡ ಫೈಲುಗಳಿಗೆ 128 ಕೂದಲೆಳೆಯಷ್ಟು ಮೇಲೆನಿಸಿದ್ದರಿಂದ ಅದನ್ನೇ ಉಳಿಸಿಕೊಂಡೆ. ಸೆಕೆಂಡಿಗೆ 510 ಎಂಬಿ ಇದ್ದ ಓದುವ ವೇಗ 980ರ ಹತ್ತಿರ ಬಂತು. ಬೂಟ್ ಸಮಯ ಮಾತ್ರ 19 ಸೆಕೆಂಡಿನಿಂದ 17ಕ್ಕೆ ಇಳಿಯಿತು, ಅಷ್ಟೇ. ನನಗೆ ಬೇಕಾಗಿದ್ದುದು ಮೂರು ಕ್ಯಾಮೆರಾಗಳ ತಾಳಿ ಕಟ್ಟುವ ದೃಶ್ಯ ಟೈಮ್‌ಲೈನಿನಲ್ಲಿ ತಡವರಿಸದೆ ಓಡುವುದು, ಅದು ಸಿಕ್ಕಿತು. ಎಡಿಟಿಂಗ್ ತಂತ್ರಾಂಶ ತಾತ್ಕಾಲಿಕವಾಗಿ ಬರೆದಿಡುವ ಕ್ಯಾಶ್ ಫೈಲುಗಳನ್ನು ಹೇಗೆ ಹಂಚಿದ್ದೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಹೊಟ್ಟೆಪಾಡಿನ ಗುಟ್ಟು.

ಅಣ್ಣನವರ ಮಾತು ನಿಜವಾಯಿತೆಂದು ಎದೆ ಧಸಕ್ಕೆಂದದ್ದು ಯುಗಾದಿಯ ಮರುವಾರ. ಹಬ್ಬಕ್ಕೆಂದು ಮೇನ್ ಸ್ವಿಚ್ ಆರಿಸಿ ಮೂರು ದಿನ ಊರಿಗೆ ಹೋಗಿ ಬಂದರೆ, ಪರದೆಯ ಮೇಲೆ ಬೂಟ್ ಆಗುವ ಡಿಸ್ಕೇ ಇಲ್ಲವೆಂಬ ಬರಹವಿತ್ತು. ನಾನು ವೈರುಗಳನ್ನು ತಡಕಾಡುತ್ತಿದ್ದಾಗ ನಮ್ಮ ಹುಡುಗ ಎರಡನೆಯ ಡಿಸ್ಕನ್ನು ಬಿಚ್ಚಿ ಪಕ್ಕದ ಕಂಪ್ಯೂಟರಿಗೆ ಹಾಕಿದ್ದ. ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕೇ, ಅಂದರೆ ಹೊಸ ಖಾಲಿ ಡಿಸ್ಕಿನಂತೆ ಸಿದ್ಧಪಡಿಸಬೇಕೇ ಎಂದು ಅದು ಕೇಳುತ್ತಿತ್ತು, ಅವನ ಬೆರಳು ಮೌಸಿನ ಮೇಲಿತ್ತು. ಓಡಿಹೋಗಿ ಕೈ ಹಿಡಿದೆ. ಡಿಸ್ಕನ್ನು ಮರಳಿ ಜೋಡಿಸಿ ಬಯಾಸ್ ತೆರೆದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಸೆಟ್ಟಿಂಗುಗಳನ್ನು ನೆನಪಿಡುವ ಸೆಲ್ ಸತ್ತು, ಸಾಟಾ ಮೋಡ್ (ಡಿಸ್ಕುಗಳನ್ನು ಹೇಗೆ ನೋಡಬೇಕೆಂಬ ಸೆಟ್ಟಿಂಗ್) ರೇಡಿನಿಂದ, ಡಿಸ್ಕುಗಳನ್ನು ಬಿಡಿಬಿಡಿಯಾಗಿ ನೋಡುವ ಎಎಚ್‌ಸಿಐಗೆ ಮರಳಿತ್ತು. ₹40ರ ಸಿಆರ್2032 ಸೆಲ್ ಹಾಕಿ, ಮೋಡನ್ನು ರೇಡಿಗೆ ತಿರುಗಿಸಿದೊಡನೆ ಎರಡೂ ಡಿಸ್ಕುಗಳು ಒಂದಾಗಿ ಕಾಣಿಸಿದವು, ಒಂದು ಫೈಲೂ ಕೆಟ್ಟಿರಲಿಲ್ಲ.

ಒಂದು ಡಿಸ್ಕ್ ನಿಜವಾಗಿಯೇ ಸತ್ತರೆ ಎಲ್ಲವೂ ಹೋಗುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೇ ಪ್ರತಿ ಶನಿವಾರ ರಾತ್ರಿ ಸಿ ಡ್ರೈವಿನ ಇಮೇಜನ್ನು (ಪೂರ್ತಿ ನಕಲನ್ನು) ಪ್ರತ್ಯೇಕ 1 ಟಿಬಿ ಹಾರ್ಡ್ ಡಿಸ್ಕಿಗೆ ತೆಗೆಯುತ್ತೇನೆ. ಗಿರಾಕಿಗಳ ಫೂಟೇಜನ್ನು ರೇಡ್ 0 ಮೇಲೆ ಮಾತ್ರವೇ ಎಂದೂ ಇಡುವುದಿಲ್ಲ. ಒಮ್ಮೆ ಬೇಕೆಂದೇ ಅರೇಯನ್ನು (ಎರಡು ಡಿಸ್ಕುಗಳ ಜೋಡಣೆಯನ್ನು) ಅಳಿಸಿ ಇಮೇಜಿನಿಂದ ಮರಳಿಸಿ ನೋಡಿದೆ, ಇಪ್ಪತ್ತೈದು ನಿಮಿಷ ಹಿಡಿಯಿತು. ಇಮೇಜನ್ನು ಮರಳಿಸಲು ಬಳಸುವ ರೆಸ್ಕ್ಯೂ ಪೆನ್‌ಡ್ರೈವಿಗೂ ಅದೇ ಹಳೆಯ ಡ್ರೈವರ್ ಬೇಕೆಂದು ಆ ದಿನವೇ ತಿಳಿಯಿತು. ಈಗ ಆ ಪೆನ್‌ಡ್ರೈವಿನ ಎರಡು ಪ್ರತಿಗಳು ನನ್ನ ಮೇಜಿನ ಡ್ರಾಯರಿನಲ್ಲಿವೆ, ಮೂರನೆಯದನ್ನು ಕಳೆದ ತಿಂಗಳು ಆ ಅಣ್ಣನವರೇ ಕೇಳಿ ಒಯ್ದರು.