ಕುಷ್ಠರೋಗದ ಬ್ಯಾಕ್ಟೀರಿಯಾದಲ್ಲಿ ತಳಿ ಗುರುತಿಸುವುದು: ಬಳ್ಳಾರಿಯಲ್ಲಿ ಕೆಲಸ ಮಾಡುತ್ತ ನಾನು ಕಂಡುಕೊಂಡ ಕ್ರಮ

ಮೈಕೋಬ್ಯಾಕ್ಟೀರಿಯಂ ಲೆಪ್ರೆಯಲ್ಲಿ ತಳಿಭೇದ ಹುಡುಕುವವರು ಒಂದು ವಿಷಯ ಮೊದಲೇ ತಿಳಿದಿರಬೇಕು: ಇದರಲ್ಲಿ ಭೇದ ಬಹಳ ಕಡಿಮೆ. 2001ರಲ್ಲಿ ಜೀನೋಮ್ (ಇಡೀ ಡಿಎನ್‌ಎ) ಪೂರ್ತಿ ಓದಿದ ಟಿಎನ್ ತಳಿ ತಮಿಳುನಾಡಿನದು. ಅದರಲ್ಲಿ 32,68,203 ಬೇಸ್‌ಗಳಿವೆ, ಅಂದರೆ ಡಿಎನ್‌ಎಯ ಅಕ್ಷರಗಳು. ಬ್ರೆಜಿಲ್‌ನ ಒಂದು ತಳಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಶೇ 99.995ರಷ್ಟು ಒಂದೇ. ಲೆಕ್ಕ ಹಾಕಿದರೆ ವ್ಯತ್ಯಾಸ 160ರ ಆಸುಪಾಸು, ಅಷ್ಟೇ. ಹೀಗಾಗಿ ನಮ್ಮ ಕೈಯಿಂದಾದ ಒಂದು ಸಣ್ಣ ತಪ್ಪು ಕೂಡ ಹೊಸ ತಳಿಯ ಹಾಗೆ ಕಾಣುತ್ತದೆ. ನಾನು ಅನುಸರಿಸುವ ಕ್ರಮವೆಲ್ಲ ಈ ಒಂದು ಭಯದಿಂದ ಹುಟ್ಟಿದ್ದು.

ಈ ಬ್ಯಾಕ್ಟೀರಿಯಾ ಲ್ಯಾಬ್‌ನ ಯಾವ ಮೀಡಿಯಾದಲ್ಲೂ ಬೆಳೆಯುವುದಿಲ್ಲ. ಇಲಿಯ ಪಾದದಲ್ಲೋ ಆರ್ಮಡಿಲ್ಲೋದಲ್ಲೋ ಬೆಳೆಸಬೇಕು. ಒಂದು ಎರಡಾಗಲು 12ರಿಂದ 14 ದಿನ ಬೇಕು. ಕ್ಷಯದ ಲ್ಯಾಬ್‌ನಲ್ಲಿ ಮಾಡುವಂತೆ ಕಲ್ಚರ್ ಮಾಡಿ ಬೇಕಾದಷ್ಟು ಡಿಎನ್‌ಎ ತೆಗೆಯುವ ದಾರಿ ಇಲ್ಲಿಲ್ಲ. ರೋಗಿಯ ಚರ್ಮದಿಂದ ಕೆರೆದು ತೆಗೆದ ಆ ಚೂರೇ ನಮ್ಮ ಬಂಡವಾಳ.

ಸಾಧ್ಯವಾದರೆ ಎಂಡಿಟಿಯ (ಕುಷ್ಠಕ್ಕೆ ಕೊಡುವ ಬಹುಔಷಧ ಚಿಕಿತ್ಸೆ) ಮೊದಲ ಡೋಸ್‌ಗೆ ಮುಂಚೆಯೇ ಮಾದರಿ ತೆಗೆಯಿರಿ. ಸ್ಲಿಟ್ ಸ್ಕಿನ್ ಸ್ಮಿಯರ್‌ಗೆ, ಅಂದರೆ ಚರ್ಮ ಸೀಳಿ ಕೆರೆದು ತೆಗೆಯುವ ಮಾದರಿಗೆ, ಕಿವಿಯ ಹಾಲೆ ಮತ್ತು ಮಚ್ಚೆಯ ಅಂಚು ಒಳ್ಳೆಯ ಜಾಗ. ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಹೆಬ್ಬೆರಳು ತೋರುಬೆರಳಿನಲ್ಲಿ ಚರ್ಮ ಬಿಳಿಚಿಕೊಳ್ಳುವವರೆಗೆ ಹಿಸುಕಿ ಹಿಡಿಯಬೇಕು. "ಅವ್ವಾ, ಸ್ವಲ್ಪ ಚುರ್ ಅಂತದ, ಕಿವಿ ಗಟ್ಟಿ ಹಿಡೀತೀನಿ, ಅಲುಗಾಡಬ್ಯಾಡ್ರಿ" ಅಂತ ಮೊದಲೇ ಹೇಳಿದರೆ ತಲೆ ಎಳೆದುಕೊಳ್ಳುವುದಿಲ್ಲ. 15ನೇ ನಂಬರ್ ಬ್ಲೇಡ್‌ನಲ್ಲಿ 5 ಮಿ.ಮೀ. ಉದ್ದ, 2 ಮಿ.ಮೀ. ಆಳ ಸೀಳಿ, ಬ್ಲೇಡನ್ನು ಅಡ್ಡ ತಿರುಗಿಸಿ ಎರಡು ಮೂರು ಸಲ ಕೆರೆಯಬೇಕು. ಹಿಡಿತ ಸಡಿಲಾದರೆ ರಕ್ತ ನುಗ್ಗುತ್ತದೆ. ರಕ್ತದ ಹೀಮ್ ಮುಂದೆ ಪಿಸಿಆರ್ ಅನ್ನೇ, ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸುವುದನ್ನೇ, ತಡೆಯುತ್ತದೆ. ರಕ್ತ ಬಂದರೆ ಒಣ ಹತ್ತಿಯಿಂದ ಒತ್ತಿ, ನಿಂತ ಮೇಲೆ ಕೆರೆಯಿರಿ. ಮೊದಲ ಕೆರೆತ ಸ್ಲೈಡ್‌ಗೆ, ಎರಡನೆಯದು ಟ್ಯೂಬ್‌ಗೆ. ಜಾಗ ಬದಲಾದಂತೆಲ್ಲ ಬ್ಲೇಡ್ ಹೊಸದು, ರೋಗಿ ಬದಲಾದಾಗ ಗ್ಲೌಸ್ ಕೂಡ.

ಟ್ಯೂಬ್ ಅಂದರೆ ಓ-ರಿಂಗ್ ಇರುವ 2 ಮಿ.ಲೀ.ಯ ಸ್ಕ್ರೂ ಮುಚ್ಚಳದ್ದು, ಒಳಗೆ 1 ಮಿ.ಲೀ. ಶೇ 70ರ ಎಥನಾಲ್. ಇದರಲ್ಲಿ ಡಿಎನ್‌ಎ ಕೋಣೆಯ ಉಷ್ಣತೆಯಲ್ಲೇ ತಿಂಗಳುಗಟ್ಟಲೆ ಉಳಿಯುವುದರಿಂದ ದೇವದುರ್ಗ, ಕುಷ್ಟಗಿಯಂಥ ಕಡೆಯಿಂದ ಐಸ್ ಇಲ್ಲದೆ ತರಬಹುದು. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಸಾದಾ ಒತ್ತು ಮುಚ್ಚಳದ ಟ್ಯೂಬ್ ಒಣಗಿಹೋಗುತ್ತದೆ. ಫಾರ್ಮಲಿನ್‌ಗೆ ಹಾಕಬೇಡಿ, ಅದು ಡಿಎನ್‌ಎಯನ್ನು ತುಂಡರಿಸಿ ಪ್ರೋಟೀನ್‌ಗೆ ಕಟ್ಟಿಹಾಕುತ್ತದೆ. ಮಾರ್ಕರ್‌ನಲ್ಲಿ ಬರೆದ ನಂಬರ್ ಎಥನಾಲ್ ಸೋಕಿದರೆ ಅಳಿಸುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಮೇಲೆ ಪಾರದರ್ಶಕ ಟೇಪ್ ಸುತ್ತಿ. ಕ್ಯಾಂಪ್‌ಗೆ ಹೋದಾಗಲೆಲ್ಲ ಎಥನಾಲ್ ಮಾತ್ರ ಇರುವ ಒಂದು ಟ್ಯೂಬನ್ನು ಅಲ್ಲೇ ತೆರೆದು ಮುಚ್ಚಿ ತರುತ್ತೇನೆ. ಅದರಲ್ಲಿ ಮುಂದೆ ಪಾಸಿಟಿವ್ ಬಂದರೆ ಆ ದಿನದ ಮಾದರಿಗಳೆಲ್ಲ ಅನುಮಾನದವೇ.

ರಿಜಿಸ್ಟರ್‌ನಲ್ಲಿ ಈಗಿನ ಊರು ಬರೆದರೆ ಸಾಲದು. ರೋಗ ಕಾಣಿಸಿಕೊಳ್ಳಲು ಸರಾಸರಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷವೂ ಬೇಕು. ರಾಯಚೂರು, ಕೊಪ್ಪಳದಿಂದ ಬೆಂಗಳೂರು, ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಮಂದಿಯಲ್ಲಿ ಬ್ಯಾಕ್ಟೀರಿಯಾ ಎಲ್ಲಿ ಅಂಟಿತೆಂದು ತಳಿಯ ಹೆಸರೊಂದೇ ಹೇಳಲಾರದು. ಎಲ್ಲೆಲ್ಲಿ, ಎಷ್ಟೆಷ್ಟು ವರ್ಷ, ಯಾರ ಜೊತೆ ಒಂದೇ ಮನೆಯಲ್ಲಿ ಇದ್ದರು ಎಂಬುದನ್ನು ಕೇಳಿ ಬರೆಯುತ್ತೇನೆ. ಗಂಗಾವತಿ, ಸಿಂಧನೂರಿನ ಕಡೆ ಎಷ್ಟೋ ಊರಿನ ಹೆಸರಿನಲ್ಲೇ 'ಕ್ಯಾಂಪ್' ಇದೆ, ಬರೀ 'ಕ್ಯಾಂಪ್' ಅಂತ ಬರೆದರೆ ಯಾವುದೆಂದು ಆಮೇಲೆ ಗೊತ್ತಾಗದು, ಹೋಬಳಿಯನ್ನೂ ಸೇರಿಸಿ.

ಸ್ಲೈಡನ್ನು ಝೀಲ್-ನೀಲ್ಸನ್ ಬಣ್ಣ ಹಾಕಿ ಓದಿ ಬಿಐ (ಬ್ಯಾಕ್ಟೀರಿಯಾ ಎಷ್ಟಿದೆ ಎಂಬ ಅಂಕ) ಕೊಡಬೇಕು. ಮೈಕ್ರೋಸ್ಕೋಪಿನ ನೂರು ಫೀಲ್ಡ್‌ಗೆ 1ರಿಂದ 10 ಸಿಕ್ಕರೆ 1+, ಹತ್ತು ಫೀಲ್ಡ್‌ಗೆ ಅಷ್ಟು ಸಿಕ್ಕರೆ 2+, ಒಂದೊಂದು ಫೀಲ್ಡ್‌ಗೂ ಅಷ್ಟು ಸಿಕ್ಕರೆ 3+. ಅಲ್ಲಿಂದ ಮೇಲೆ ಹತ್ತು ಹತ್ತು ಪಟ್ಟು. 2+ಗಿಂತ ಕಡಿಮೆ ಇರುವ ಮಾದರಿಯ ತಳಿ ಗುರುತಿಸಲು ನಾನು ಹೋಗುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಡಿಎನ್‌ಎ ತೆಗೆಯುವಾಗ ಎಥನಾಲನ್ನು ಬಗ್ಗಿಸಿ ಚೆಲ್ಲಿದರೆ ತೇಲುವ ಚರ್ಮದ ಚೂರೂ ಹೋಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ 10,000 ಜಿಗೆ (ಗುರುತ್ವದ ಅಷ್ಟು ಪಟ್ಟು) 10 ನಿಮಿಷ ತಿರುಗಿಸಿ, ತಳದಲ್ಲಿ 50 ಮೈಕ್ರೋಲೀಟರ್ ಉಳಿಸಿ, ಮೇಲಿನದನ್ನು ಪಿಪೆಟ್‌ನಲ್ಲಿ ಮೆಲ್ಲಗೆ ಎಳೆದು, ಪಿಬಿಎಸ್ ಉಪ್ಪುದ್ರಾವಣದಲ್ಲಿ ಒಮ್ಮೆ ತೊಳೆಯುತ್ತೇನೆ. ಆಮೇಲೆ ಡಿಎನ್‌ಎ ಬೇರ್ಪಡಿಸುವ ಡಿಎನ್‌ಈಸಿ ಕಿಟ್‌ನ ಎಟಿಎಲ್ ಬಫರ್ 180, ಪ್ರೋಟೀನ್ ಕರಗಿಸುವ ಪ್ರೋಟಿನೇಸ್-ಕೆ 20 ಮೈಕ್ರೋಲೀಟರ್ ಹಾಕಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು. ಇದರ ಮೇಣದಂಥ ಕೋಶಭಿತ್ತಿ ಇಷ್ಟಕ್ಕೇ ಒಡೆಯುತ್ತದೆಂಬ ಭರವಸೆ ಇಲ್ಲ. ಮೈನಸ್ 80ರಲ್ಲಿ ಹೆಪ್ಪುಗಟ್ಟಿಸಿ 95ರಲ್ಲಿ ಕಾಯಿಸುವುದನ್ನು ಮೂರು ಸಲ ಮಾಡಿದರೆ ಇಳುವರಿ ಹೆಚ್ಚುತ್ತದೆ. ಡಿಎನ್‌ಎ ಅಂಟಿದ ಕಾಲಮ್ಮಿನಿಂದ ಅದನ್ನು ಇಳಿಸುವಾಗ ಕಿಟ್ ಹೇಳುವ 200ರ ಬದಲು 50 ಮೈಕ್ರೋಲೀಟರ್ ಸಾಕು, ಗಾಢವಾಗಿ ಸಿಗುತ್ತದೆ. ಪ್ರತಿ ಬ್ಯಾಚಿನಲ್ಲೂ ಮಾದರಿ ಇಲ್ಲದ ಒಂದು ಖಾಲಿ ಟ್ಯೂಬನ್ನು ಕೊನೆಯವರೆಗೆ ನಡೆಸಬೇಕು.

ಮೊದಲ ಪಿಸಿಆರ್ ಆರ್‌ಎಲ್‌ಇಪಿಗೆ, ಅಂದರೆ ಈ ಬ್ಯಾಕ್ಟೀರಿಯಾದಲ್ಲಿ ಮತ್ತೆ ಮತ್ತೆ ಬರುವ ಒಂದು ಡಿಎನ್‌ಎ ಸಾಲಿಗೆ, 129 ಬೇಸ್‌ನ ತುಂಡು. ಇಲ್ಲಿ ಹೊಸಬರು ಮೋಸ ಹೋಗುತ್ತಾರೆ. ಆರ್‌ಎಲ್‌ಇಪಿ ಒಂದು ಜೀನೋಮ್‌ನಲ್ಲಿ ಸುಮಾರು 37 ಕಡೆ ಇದೆ, ತಳಿ ಗುರುತಿಸುವ ಜಾಗಗಳು ಒಂದೊಂದೇ ಕಡೆ. ಎರಡರ ಘಾತದಲ್ಲಿ ಲೆಕ್ಕ ಹಾಕಿದರೆ ಒಂಟಿ ಜಾಗ ಸುಮಾರು ಐದು ಸೈಕಲ್ (ನಕಲಿನ ಸುತ್ತು, ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿ) ತಡವಾಗಿ ಏಳುತ್ತದೆ. ರಿಯಲ್ ಟೈಮ್ ಪಿಸಿಆರ್‌ನಲ್ಲಿ ಆರ್‌ಎಲ್‌ಇಪಿ 34ನೇ ಸೈಕಲ್‌ಗೆ ಎದ್ದರೆ ಒಂಟಿ ಜಾಗ 39ರ ಹತ್ತಿರ. ಅಲ್ಲಿ ಬರುವುದನ್ನು ನಂಬಲಾಗದು. ಬಿಐ 2+ ಎಂಬ ಗೆರೆ ನಾನು ಹಾಕಿಕೊಂಡಿರುವುದು ಇದಕ್ಕೇ.

ಮುಂದೆ ಎಸ್‌ಎನ್‌ಪಿ, ಅಂದರೆ ಡಿಎನ್‌ಎಯ ಒಂದೇ ಅಕ್ಷರ ತಳಿಯಿಂದ ತಳಿಗೆ ಬದಲಾಗುವ ಜಾಗ. 2005ರಲ್ಲಿ ಬಂದ ಕ್ರಮದಲ್ಲಿ 14676, 1642875, 2935685 ಎಂಬ ಮೂರು ಸ್ಥಾನ ನೋಡಬೇಕು. ಸಿ-ಜಿ-ಎ ಆದರೆ ಟೈಪ್ 1, ಸಿ-ಟಿ-ಎ ಆದರೆ 2, ಸಿ-ಟಿ-ಸಿ ಆದರೆ 3, ಟಿ-ಟಿ-ಸಿ ಆದರೆ 4. 2009ರಲ್ಲಿ ಇವನ್ನು 16 ಉಪವಿಧವಾಗಿ ಒಡೆದರು. ಭಾರತದಲ್ಲಿ ಹೆಚ್ಚಿನದು ಟೈಪ್ 1, ಅದರಲ್ಲೂ 1ಡಿ. ಟೈಪ್ 2 ಕೂಡ ಇದೆ. 3 ಯುರೋಪ್, ಅಮೆರಿಕದ ಕಡೆಯದು, 4 ಪಶ್ಚಿಮ ಆಫ್ರಿಕಾದ್ದು. ನಮ್ಮಲ್ಲಿ 3 ಅಥವಾ 4 ಕಂಡರೆ ಸಂತೋಷಪಡುವ ಮೊದಲು ಇನ್ನೊಮ್ಮೆ ಡಿಎನ್‌ಎ ತೆಗೆದು, ಎರಡೂ ಎಳೆ ಓದಿಸಿ.

ಬಹುಪಾಲು ಮಾದರಿ 1ಡಿ ಆಗುವ ಕಡೆ ಎಸ್‌ಎನ್‌ಪಿಯಿಂದ ಒಂದು ಮನೆಯ ಇಬ್ಬರನ್ನು ಪಕ್ಕದ ಊರಿನವರಿಂದ ಬೇರೆ ಮಾಡಲಾಗದು. ಅದಕ್ಕೆ ವಿಎನ್‌ಟಿಆರ್ ಬೇಕು, ಅಂದರೆ ಒಂದು ಸಣ್ಣ ತುಣುಕು ಸಾಲಾಗಿ ಎಷ್ಟು ಸಲ ಬಂದಿದೆ ಎಂಬ ಎಣಿಕೆ. ನಿಜವಾದ ಕಷ್ಟವೂ ಇಲ್ಲೇ. 12-5, 18-8, 21-3, 23-3, 27-5 ಎಂಬ ಹೆಸರಿನಲ್ಲಿ ಮೊದಲ ಅಂಕಿ ಮತ್ತೆ ಮತ್ತೆ ಬರುವ ತುಣುಕಿನ ಉದ್ದ. ಇಂಥ ಉದ್ದದವು ಗಟ್ಟಿ. ಎಟಿ, ಎಸಿ, ಟಿಟಿಸಿ ತುಣುಕಿನವು ಜಾರುತ್ತವೆ, ಒಬ್ಬರದೇ ಕಿವಿಯಲ್ಲಿ ಒಂದು, ಮಚ್ಚೆಯಲ್ಲಿ ಇನ್ನೊಂದು ಎಣಿಕೆ ಬರಬಹುದು. ಬ್ಯಾಕ್ಟೀರಿಯಾವೇ ಜಾರಿತೋ ಟ್ಯೂಬಿನಲ್ಲಿ ಟ್ಯಾಕ್ (ಪಿಸಿಆರ್‌ನಲ್ಲಿ ನಕಲು ಮಾಡುವ ಕಿಣ್ವ) ಜಾರಿತೋ ಎಂದು ತಿಳಿಯಲು ಒಂದೇ ಡಿಎನ್‌ಎಯಿಂದ ಮೂರು ಬೇರೆ ಬೇರೆ ಪಿಸಿಆರ್ ಮಾಡುತ್ತೇನೆ. ಎರಡರಲ್ಲಾದರೂ ಒಂದೇ ಉತ್ತರ ಬಂದರೆ ಮಾತ್ರ ಬರೆದುಕೊಳ್ಳುವುದು, ಇಲ್ಲವಾದರೆ ಆ ಜಾಗ ಖಾಲಿ. ಖಾಲಿ ಬಿಡಲು ಹಿಂಜರಿಯಬೇಡಿ, ಊಹಿಸಿ ತುಂಬಿದ ಅಂಕಿ ಇಲ್ಲದ ನಂಟು ಕಟ್ಟುತ್ತದೆ.

ತುಂಡುಗಳ ಉದ್ದ ಅಳೆಯಲು ಕ್ಯಾಪಿಲರಿಯಲ್ಲಿ (ಸಣ್ಣ ಕೊಳವೆಯಲ್ಲಿ) ಓಡಿಸಿದಾಗ ಗ್ರಾಫಿನ ಶಿಖರದ ಪಕ್ಕ ಒಂದು ಬೇಸ್ ಅಂತರದಲ್ಲಿ ಜೋಡಿ ಶಿಖರ ಬಂದರೆ ಟ್ಯಾಕ್ ತುದಿಗೊಂದು 'ಎ' ಸೇರಿಸುವ ಕೆಲಸ ಅರ್ಧಕ್ಕೇ ನಿಂತಿದೆ ಎಂದರ್ಥ. ಕೊನೆಯಲ್ಲಿ 60 ಡಿಗ್ರಿಯಲ್ಲಿ 45 ನಿಮಿಷ ಇಟ್ಟರೆ ಸರಿಹೋಗುತ್ತದೆ. ಎರಡು ಬೇಸ್ ಅಂತರದಲ್ಲಿ ಇಳಿಯುತ್ತ ಹೋಗುವ ಮೆಟ್ಟಿಲುಗಳು ಸ್ಟಟರ್ (ಟ್ಯಾಕ್ ಜಾರಿದ ಗುರುತು), ಎತ್ತರದ್ದನ್ನೇ ಓದಿ. ಏಸಿ ಕೈಕೊಟ್ಟು ಕೋಣೆ ಕಾದ ದಿನ ಅಳತೆಯೇ ಸರಿಯುತ್ತದೆ. ಮಾದರಿಯ ಜೊತೆ ಓಡಿಸುವ ಲಿಜ್ 500 ಅಳತೆಪಟ್ಟಿಯ 250 ಬೇಸ್‌ನ ಶಿಖರ ಶಾಖಕ್ಕೆ ಸ್ಥಾನ ಬದಲಿಸುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಪ್ರತಿ ಪ್ಲೇಟಿನಲ್ಲೂ ಥಾಯ್-53ರಂಥ ಪರಿಚಿತ ತಳಿಯ ಡಿಎನ್‌ಎ ಇರಲಿ. ಅದರ ಎಣಿಕೆ ತಪ್ಪಿದರೆ ಪ್ಲೇಟ್ ಪೂರ್ತಿ ಮತ್ತೆ ಓಡಿಸಬೇಕು. ಪಿಸಿಆರ್ ಯಂತ್ರಕ್ಕೆ ಯುಪಿಎಸ್ ಇಲ್ಲದೆ ಕೆಲಸ ಶುರುಮಾಡಬೇಡಿ. ನಡುವೆ ಕರೆಂಟ್ ಹೋಗಿ ಬಂದ ಟ್ಯೂಬನ್ನು ಎಸೆಯುವುದೇ ಒಳ್ಳೆಯದು.

ರೋಗಿಗೆ ನೇರ ಉಪಯೋಗವಾಗುವುದು ಔಷಧನಿರೋಧದ ಜೀನ್‌ಗಳ ಓದು. ರಿಫಾಂಪಿಸಿನ್‌ಗೆ ಆರ್‌ಪಿಒಬಿ, ಡ್ಯಾಪ್ಸೋನ್‌ಗೆ ಫೋಲ್‌ಪಿ1ರ 53 ಮತ್ತು 55ನೇ ಸ್ಥಾನ, ಓಫ್ಲಾಕ್ಸಾಸಿನ್‌ಗೆ ಗೈರ್‌ಎಯ 91. ಆರ್‌ಪಿಒಬಿಯ 456ನೇ ಸ್ಥಾನದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಇದ್ದಲ್ಲಿ ಲ್ಯೂಸಿನ್ ಬಂದಿದೆಯೇ ನೋಡಿ. ಹಳೆಯ ಲೇಖನಗಳಲ್ಲಿ ಇದೇ ಜಾಗಕ್ಕೆ 425 ಎಂಬ ಅಂಕಿ ಇದೆ, ಎರಡು ಬೇರೆ ಬೇರೆ ಎಂದು ತಿಳಿಯಬೇಡಿ. ಔಷಧ ಮುಗಿದ ಮೇಲೆ ರೋಗ ಮರುಕಳಿಸಿದರೆ ಹಳೆಯ ಮಾದರಿಯನ್ನು ಹೊಸದರ ಜೊತೆ ಹೋಲಿಸಬಹುದು. ಎಸ್‌ಎನ್‌ಪಿ ಟೈಪೋ ಉದ್ದ ತುಣುಕಿನ ಜಾಗಗಳೋ ಬೇರೆಯಾಗಿದ್ದರೆ ಹೊಸ ಸೋಂಕು ಎನ್ನಲು ಆಧಾರವಿದೆ. ಟಿಟಿಸಿಯಲ್ಲಿ ಒಂದು ಎಣಿಕೆ ಬದಲಾದ ಮಾತ್ರಕ್ಕೆ ಹಾಗೆನ್ನಲಾಗದು.

ಪಿಸಿಆರ್ ಪಾಸಿಟಿವ್ ಬಂತೆಂದು ಔಷಧ ಮುಗಿಸಿದವರಿಗೆ "ಇನ್ನೂ ರೋಗ ಐತಿ" ಅನ್ನಬೇಡಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಚರ್ಮದಲ್ಲಿ ಬಹುಕಾಲ ಉಳಿಯುತ್ತದೆ. ವರದಿಯಲ್ಲಿ ನಾನು ತಾಲ್ಲೂಕಿನ ಹೆಸರು ಮಾತ್ರ ಬರೆಯುತ್ತೇನೆ. ಇನ್ನೂರು ಮನೆಯ ಊರಿನಲ್ಲಿ ವಯಸ್ಸು, ಲಿಂಗ, ಊರಿನ ಹೆಸರು ಮೂರೂ ಸೇರಿದರೆ ಅದು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಈ ರೋಗದ ಹೆಸರು ಹತ್ತಿದ ಮನೆಗೆ ಹೆಣ್ಣು ಕೊಡಲು, ತರಲು ಈಗಲೂ ಹಿಂದೆಮುಂದೆ ನೋಡುತ್ತಾರೆ. ಊರು, ಮನೆಯ ವಿವರ ಇರುವ ರಿಜಿಸ್ಟರ್ ಬೀಗದ ಕಪಾಟಿನಲ್ಲಿರಲಿ, ಕೀಲಿ ಒಬ್ಬರ ಹತ್ತಿರ ಮಾತ್ರ.