ಜರ್ಮನಿಯ ಪ್ರೋಗ್ರಾಮಿಂಗ್ ಸ್ಟಾಮ್‌ಟಿಶ್‌ಗೆ ಹೋಗುವ ಮುನ್ನ

ಜರ್ಮನಿಗೆ ಕೆಲಸಕ್ಕೆಂದು ಬಂದಿಳಿದ ಕನ್ನಡಿಗರಿಗೆ ವಿಳಾಸದ ನೋಂದಣಿ, ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆದರೆ ಮೊದಲ ಚಳಿಗಾಲದಲ್ಲಿ ಒಂಟಿತನ ಕಾಡತೊಡಗಿದಾಗ ಪ್ರೋಗ್ರಾಮರ್‌ಗಳು ಹುಡುಕಿಕೊಂಡು ಹೋಗುವ ಪೈಥಾನ್, ಜಾವಾ ಅಥವಾ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ಬಳಕೆದಾರರ ಕೂಟದ ರೀತಿನೀತಿಯನ್ನು ಯಾರೂ ಹೇಳಿಕೊಡುವುದಿಲ್ಲ. ಇಂಥ ಕೂಟ, ಅಂದರೆ ಯೂಸರ್ ಗ್ರೂಪ್ ಎಂದರೇನು, ಊರಿನಲ್ಲಿ ಅದನ್ನು ಹುಡುಕುವುದು ಹೇಗೆ ಎಂಬುದು ಇದನ್ನು ಓದುವವರಿಗೆಲ್ಲ ಗೊತ್ತೇ ಇರುವುದರಿಂದ ಅದನ್ನು ಬಿಟ್ಟುಬಿಡುತ್ತೇನೆ. ನಮ್ಮ ತಲೆಮಾರಿನವರು ಎಡವಿದಲ್ಲೇ ಹೊಸಬರೂ ವರ್ಷವರ್ಷ ಎಡವುತ್ತಿರುವುದನ್ನು ನೋಡಿ ಬೇಸತ್ತು, ಎಡವುವ ಜಾಗಗಳನ್ನಷ್ಟೇ ಇಲ್ಲಿ ತೋರಿಸುತ್ತಿದ್ದೇನೆ.

ಇಲ್ಲಿನ ಕೂಟಗಳಲ್ಲಿ ಎರಡು ಬಗೆ. ಒಂದು, ಯಾವುದಾದರೂ ಕಂಪನಿಯ ಕಚೇರಿಯಲ್ಲೋ ಬಡಾವಣೆಯ ಸಮುದಾಯ ಭವನದಲ್ಲೋ ನಡೆಯುವ ಉಪನ್ಯಾಸದ ಸಂಜೆ. ಇನ್ನೊಂದು ಸ್ಟಾಮ್‌ಟಿಶ್, ಅಂದರೆ ತಿಂಗಳ ಗೊತ್ತಾದ ದಿನ, ಗೊತ್ತಾದ ಹೋಟೆಲಿನ ಗೊತ್ತಾದ ಮೇಜಿನಲ್ಲಿ ಸೇರಿ ಉಂಡು ಕುಡಿದು ಮಾತಾಡುವುದು. ಅಲ್ಲಿ ಪ್ರೊಜೆಕ್ಟರ್ ಇರುವುದಿಲ್ಲ, ಕಾರ್ಯಸೂಚಿಯೂ ಇರುವುದಿಲ್ಲ. ಮೊದಲ ಬಗೆಗೆ ಒಳ್ಳೆಯ ಉದಾಹರಣೆ ಡ್ಯುಸೆಲ್‌ಡಾರ್ಫ್‌ನ ಬಿಲ್ಕ್ ಬಡಾವಣೆಯ ಸಮುದಾಯ ಭವನದಲ್ಲಿ ಸೇರುತ್ತಾ ಬಂದಿರುವ ಪೈಥಾನ್ ಮೀಟಿಂಗ್. ಅಲ್ಲಿ ಚುಟುಕು ಭಾಷಣಗಳೇ ಹೆಚ್ಚು, ಖರ್ಚು ಸರಿದೂಗಿಸಲು ಬಂದವರಿಂದ ಸಣ್ಣ ವಂತಿಗೆಯನ್ನೂ ಕೇಳುತ್ತಾರೆ. ಬೆಂಗಳೂರಿನ ಬ್ಯಾಂಗ್‌ಪೈಪರ್ಸ್‌ನಂಥ ಕೂಟಗಳಿಗೆ ಹೋಗಿ, ಶನಿವಾರ ಬೆಳಿಗ್ಗೆ ಯಾವುದೋ ಕಂಪನಿಯ ಸಭಾಂಗಣದಲ್ಲಿ ಬಿಟ್ಟಿಯಾಗಿ ಕೂತು, ಅವರೇ ಕೊಟ್ಟ ತಿಂಡಿ ತಿಂದು ಬಂದು ರೂಢಿಯಾದ ನಮ್ಮವರು ಈ ವಂತಿಗೆಯನ್ನು ಅನುಮಾನದಿಂದ ನೋಡುತ್ತಾರೆ. ಅನುಮಾನ ಬೇಡ. ಹಣ ಹಾಕುವ ಕಂಪನಿಯಿಲ್ಲದ ಕೂಟದಲ್ಲಿ ಮಾತಿನ ನಡುವೆ ನೇಮಕಾತಿಯ ಜಾಹೀರಾತು ನುಸುಳುವುದಿಲ್ಲ ಎಂಬ ಕಾರಣಕ್ಕೇ ನನಗೆ ಅದು ಹೆಚ್ಚು ಇಷ್ಟ.

ಕೂಟಗಳು ವಾರದ ನಡುವೆ, ಸಂಜೆ ಏಳರ ಹೊತ್ತಿಗೆ ಶುರುವಾಗುತ್ತವೆ. ಶನಿವಾರ, ಭಾನುವಾರ ಇಲ್ಲಿಯವರು ಮನೆಯವರಿಗೆ ಮೀಸಲು. ಬರುತ್ತೇನೆಂದು ಹೆಸರು ಕೊಟ್ಟು ಬಾರದಿರುವುದು ನಮ್ಮೂರಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ, ಇಲ್ಲಿ ಹಾಗಲ್ಲ. ಹದಿನೈದು ಜನಕ್ಕೆಂದು ಮೇಜು ಕಾಯ್ದಿರಿಸಿದ ಸಂಘಟಕರು ಆರು ಜನರೊಡನೆ ಕೂತಾಗ ಹೋಟೆಲಿನವರಿಂದ ಮಾತು ಕೇಳಬೇಕಾಗುತ್ತದೆ, ಮುಂದಿನ ತಿಂಗಳು ಆ ಮೇಜು ಸಿಗದೆಯೂ ಹೋಗಬಹುದು. ಬರಲಾಗದಿದ್ದರೆ ಮಧ್ಯಾಹ್ನದೊಳಗೆ ಹೆಸರು ತೆಗೆಸಿ. ಇನ್ನು ಭಾಷೆಯ ವಿಷಯ: ಬರ್ಲಿನ್‌ನಲ್ಲಿ ಇಂಗ್ಲಿಷಿನಲ್ಲೇ ನಡೆಯುವ ಕೂಟಗಳು ಧಾರಾಳವಾಗಿವೆ, ಸಣ್ಣ ಊರುಗಳಲ್ಲಿ ಸ್ಲೈಡ್ ಇಂಗ್ಲಿಷಿನಲ್ಲಿದ್ದರೂ ಮಾತು ಜರ್ಮನ್. ಅರ್ಥವಾಗುವುದಿಲ್ಲವೆಂದು ಹೋಗದೆ ಉಳಿಯುವುದು ದಡ್ಡತನ. ವ್ಯಾಕರಣದ ತರಗತಿಯಲ್ಲಿ ಬಾಯಿ ಬಿಡದವರೂ ತಮಗೆ ಪರಿಚಿತವಾದ ಕೋಡ್ ಲೈಬ್ರರಿಯ ದೋಷದ ಬಗ್ಗೆ ಮಾತು ಬಂದಾಗ ಅರೆಬರೆ ಜರ್ಮನ್‌ನಲ್ಲೇ ವಾದಕ್ಕಿಳಿಯುವುದನ್ನು ನಾನು ಕಂಡಿದ್ದೇನೆ.

ಮೇಜಿನಲ್ಲಿ ಬಿಲ್ಲು ಪ್ರತಿಯೊಬ್ಬರದೂ ಬೇರೆ. ಕೆಲವು ಹಳೆಯ ಹೋಟೆಲುಗಳಲ್ಲಿ ನೀವು ಕುಡಿದದ್ದನ್ನು ಲೋಟದ ಕೆಳಗಿನ ರಟ್ಟಿನ ಮೇಲೆ ಗೀಟು ಹಾಕಿ ಗುರುತಿಸುತ್ತಾರೆ. ಆ ರಟ್ಟೇ ನಿಮ್ಮ ಲೆಕ್ಕದ ಪುಸ್ತಕವಾದ್ದರಿಂದ ಅದನ್ನು ಪಕ್ಕದವರದರೊಡನೆ ಅದಲುಬದಲು ಮಾಡಿಕೊಳ್ಳಬೇಡಿ. ಬೇಗ ಹೊರಡುವವರು ಬಡಿಸುವವರನ್ನು ಕರೆದು ತಮ್ಮ ಪಾಲು ಕೊಟ್ಟೇ ಏಳಬೇಕು, ಇಲ್ಲವಾದರೆ ಕೊನೆಗೆ ಉಳಿದವರ ತಲೆಗೆ ಅದು ಬರುತ್ತದೆ. ಕಾರ್ಡ್ ತೆಗೆದುಕೊಳ್ಳದ ಹೋಟೆಲುಗಳು ಇನ್ನೂ ಇರುವುದರಿಂದ ಜೇಬಿನಲ್ಲಿ ನೋಟಿರಲಿ. ಟಿಪ್ಸ್ ಸೇರಿಸಿ ಒಟ್ಟು ಎಷ್ಟೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ನೋಟು ಕೊಡಿ. ಐವತ್ತರ ನೋಟು ಚಾಚುತ್ತಾ ಸೌಜನ್ಯಕ್ಕೆಂದು ಡಾಂಕೆ (ಧನ್ಯವಾದ) ಅಂದರೆ, ಉಳಿದ ಚಿಲ್ಲರೆಯೆಲ್ಲ ನಿಮಗೇ ಇರಲಿ ಎಂದು ಹೇಳಿದಂತೆಯೇ. ಮದ್ಯ ಕುಡಿಯದವರಿಗೆ ಸಂಕೋಚ ಬೇಡ. ಮದ್ಯವಿಲ್ಲದ ಪಾನೀಯಗಳಲ್ಲಿ ಕನಿಷ್ಠ ಒಂದಾದರೂ ಅತ್ಯಂತ ಅಗ್ಗದ ಮದ್ಯಕ್ಕಿಂತ ದುಬಾರಿಯಾಗಿರಬಾರದು ಎಂದು ಹೋಟೆಲು ಕಾನೂನಿನಲ್ಲೇ ಇದೆ. ಸಸ್ಯಾಹಾರಿಗಳಿಗೆ ದಕ್ಷಿಣ ಜರ್ಮನಿಯಲ್ಲಿ ಚೀಸ್ ಬೆರೆಸಿದ ಹಿಟ್ಟಿನ ತಿನಿಸಾದ ಕೇಜೆ ಸ್ಪೆಟ್ಸ್‌ಲೆ ಸಿಗುತ್ತದೆ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಹಾಕುವುದಿಲ್ಲ ತಾನೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಇಷ್ಟೆಲ್ಲ ತಪ್ಪಿದರೂ ಹೋಗುವುದು ಹತ್ತಿಪ್ಪತ್ತು ಯೂರೋ. ನಿಜವಾದ ಗುಂಡಿ ಇರುವುದು ಬೇರೆ ಕಡೆ.

ಮೂರ್ನಾಲ್ಕು ಸಲ ಹೋಗಿ ಮುಖಪರಿಚಯವಾದ ಮೇಲೆ, ನೀವು ಕೆಲಸ ಬಲ್ಲವರೆಂದು ಗೊತ್ತಾದಾಗ, ಎದುರು ಕೂತವರು ಸಹಜವಾಗಿ ಒಂದು ಮಾತು ಕೇಳುತ್ತಾರೆ: ನಮ್ಮ ಕಾರ್ಖಾನೆಯ ಎಂಜಿನಿಯರುಗಳಿಗೆ ಎರಡು ದಿನ ಪಾಂಡಾಸ್ ಎಂಬ ಪೈಥಾನ್ ಲೈಬ್ರರಿ ಹೇಳಿಕೊಡುತ್ತೀರಾ, ರೆಖ್ನುಂಗ್ (ಬಿಲ್) ಕಳಿಸಿದರೆ ಹಣ ಹಾಕುತ್ತೇವೆ. ಕೇಳಿದವರಲ್ಲಿ ಯಾವ ಕಪಟವೂ ಇರುವುದಿಲ್ಲ. ಜರ್ಮನ್ ಪ್ರಜೆಯಾದ ಅವರಿಗೆ ಅದರಲ್ಲಿ ತೊಡಕೇನಿದೆ ಎಂಬುದೇ ಹೊಳೆದಿರುವುದಿಲ್ಲ. ನಮ್ಮ ಹುಡುಗರು ಹಿಗ್ಗಿ ಒಪ್ಪಿಕೊಳ್ಳುತ್ತಾರೆ. ಆದರೆ ಬ್ಲೂ ಕಾರ್ಡ್ ಎಂಬ ನಿವಾಸ ಪರವಾನಗಿಯಾಗಲಿ, ನುರಿತ ನೌಕರರಿಗೆ ಕೊಡುವ ಬೇರೆ ನಿವಾಸ ಪರವಾನಗಿಯಾಗಲಿ, ಕೊಟ್ಟಿರುವುದು ನೌಕರಿ ಮಾಡಲು. ಸ್ವಂತ ಹೆಸರಿನಲ್ಲಿ ಬಿಲ್ ಬರೆದು ದುಡಿಯುವುದನ್ನು ಕಾನೂನು ಬೇರೆಯೇ ಬಗೆಯ ದುಡಿಮೆಯೆಂದು ಎಣಿಸುತ್ತದೆ. ಅದು ಎರಡು ದಿನದ ಕೆಲಸ, ಶನಿವಾರ ಮಾಡಿದ್ದು ಎಂಬ ವಾದ ನಡೆಯುವುದಿಲ್ಲ. ಕಾರ್ಡಿನೊಡನೆ ಕೊಡುವ ಟ್ಸುಜಾಟ್ಸ್‌ಬ್ಲಾಟ್ ಎಂಬ ಮಡಚಿದ ಹಾಳೆಯಲ್ಲಿ ನಿಮಗೆ ಯಾವ ದುಡಿಮೆಗೆ ಅನುಮತಿಯಿದೆ ಎಂದು ಅಚ್ಚಾಗಿರುತ್ತದೆ, ಬಹುತೇಕರು ಅದನ್ನು ಒಮ್ಮೆಯೂ ಓದದೆ ಪಾಸ್‌ಪೋರ್ಟಿನೊಳಗೆ ಸಿಕ್ಕಿಸಿಟ್ಟಿರುತ್ತಾರೆ. ಇವತ್ತೇ ಅದನ್ನು ತೆಗೆದು ಓದಿ.

ಅನುಮತಿ ಇಲ್ಲವೆಂದರೆ ದಾರಿಯೇ ಇಲ್ಲವೆಂದಲ್ಲ. ನಿವಾಸ ಕಾನೂನಿನ 21ನೇ ಕಲಮಿನ 6ನೇ ಉಪಕಲಮಿನ ಪ್ರಕಾರ, ಬೇರೆ ಉದ್ದೇಶಕ್ಕೆ ಬಂದವರಿಗೂ ಆ ಉದ್ದೇಶ ಹಾಗೆಯೇ ಇರುವಂತೆ, ಪಕ್ಕದಲ್ಲಿ ಸ್ವಂತ ದುಡಿಮೆಗೆ ವಿದೇಶಿಯರ ಕಚೇರಿ ಒಪ್ಪಿಗೆ ಕೊಡಬಹುದು. ಆದರೆ ಆ ಕಚೇರಿಯ ಉತ್ತರಕ್ಕೆ ತಿಂಗಳುಗಟ್ಟಲೆ ಕಾದವರನ್ನು ನಾನು ಬಲ್ಲೆ, ಆದ್ದರಿಂದ ಮುಂದಿನ ವಾರದ ತರಬೇತಿಗೆ ಈ ವಾರ ಅರ್ಜಿ ಹಾಕಿ ಪ್ರಯೋಜನವಿಲ್ಲ. ಎರಡನೆಯದಾಗಿ ನಿಮ್ಮ ಮಾಲೀಕರು: ನೌಕರಿಯ ಒಪ್ಪಂದದಲ್ಲಿ ನೇಬನ್‌ಟೇಟಿಷ್‌ಕೈಟ್ (ಪಕ್ಕದ ದುಡಿಮೆ) ಎಂಬ ಶೀರ್ಷಿಕೆಯಡಿ, ಬೇರೆ ಸಂಪಾದನೆಯಿದ್ದರೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಮೂರನೆಯದು ತೆರಿಗೆ ಕಚೇರಿ. ಸ್ವಂತ ದುಡಿಮೆ ಶುರುಮಾಡಿದ ಒಂದು ತಿಂಗಳೊಳಗೆ ತೆರಿಗೆ ಇಲಾಖೆಯ ಎಲ್ಸ್ಟರ್ ಜಾಲತಾಣದ ಮೂಲಕ ಅಲ್ಲಿನ ಪ್ರಶ್ನಾವಳಿ ತುಂಬಿ, ಪ್ರತ್ಯೇಕವಾದ ತೆರಿಗೆ ಸಂಖ್ಯೆ ಪಡೆಯಬೇಕು. ಜರ್ಮನಿಗೆ ಬಂದ ಹೊಸದರಲ್ಲಿ ಅಂಚೆಯಲ್ಲಿ ಬಂದ ಹನ್ನೊಂದು ಅಂಕೆಗಳ ತೆರಿಗೆ ಗುರುತು ಇದಲ್ಲ. ಈ ಮೂರನ್ನೂ ಇದೇ ಕ್ರಮದಲ್ಲಿ ಮಾಡಿ. ಮೊದಲು ಬಿಲ್ ಕಳಿಸಿ ಆಮೇಲೆ ಅನುಮತಿ ಕೇಳಲು ಹೋದರೆ ನಿಮ್ಮ ಬಿಲ್ಲೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತದೆ.

ಹಾವೇರಿ ಕಡೆಯ ಹುಡುಗನೊಬ್ಬ ಈ ಗುಂಡಿಗೆ ಪೂರ್ತಿ ಬಿದ್ದ. ಒಟ್ಟು ಸಾವಿರ ಯೂರೋ ಎಂದು ಬಾಯಿಮಾತಿನಲ್ಲಿ ಒಪ್ಪಿ ತರಬೇತಿ ಕೊಟ್ಟು, ವರ್ಷಗಳಿಂದ ಸ್ವತಂತ್ರವಾಗಿ ದುಡಿಯುವ ಗೆಳೆಯನಿಂದ ಬಿಲ್ಲಿನ ನಮೂನೆಯನ್ನು ಎರವಲು ತಂದ. ಅದರಲ್ಲಿ ಶೇಕಡಾ 19 ಮಾರಾಟ ತೆರಿಗೆ ಸೇರಿದೆ ಎಂಬ ಸಾಲು ಇತ್ತು, ಇವನು ಅದನ್ನು ಅಳಿಸಲಿಲ್ಲ. ಹಿಂದಿನ ವರ್ಷದ ವಹಿವಾಟು 25,000 ಯೂರೋ ಮೀರದ, ಚಾಲ್ತಿ ವರ್ಷದಲ್ಲಿ 1,00,000 ಮೀರದ ಸಣ್ಣ ಉದ್ಯಮಿಗಳಿಗೆ ಆ ತೆರಿಗೆಯನ್ನು ವಿಧಿಸದಿರುವ ಅನುಕೂಲವಿದೆ. 2025ರಿಂದ ಜಾರಿಯಲ್ಲಿರುವ ಮಿತಿ ಇದು. ಆದರೆ ಆ ಅನುಕೂಲ ಪಡೆದವರು ಬಿಲ್ಲಿನಲ್ಲಿ ತೆರಿಗೆಯನ್ನು ತೋರಿಸಿಬಿಟ್ಟರೆ, ತೋರಿಸಿದ ಮೊತ್ತವನ್ನು ಸರ್ಕಾರಕ್ಕೆ ಕಟ್ಟಲೇಬೇಕು. ಸಾವಿರದೊಳಗೆ ಅಡಗಿದ್ದ 159 ಯೂರೋ 66 ಸೆಂಟು ಹೀಗೆ ಕೈಬಿಟ್ಟಿತು. ಬಿಲ್ಲನ್ನು ತಿದ್ದಿ ಕೊಡಲು ಅವಕಾಶವೇನೋ ಇದೆ, ಆದರೆ ಅತ್ತ ಆ ಕಂಪನಿ ಅದೇ ಮೊತ್ತವನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಂಡಾಗಿದ್ದರಿಂದ, ಅವರ ಲೆಕ್ಕಪತ್ರದವರು ತಿದ್ದಿದ ಬಿಲ್ಲನ್ನು ಮುಟ್ಟಲು ಸಿದ್ಧರಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಕಾಯಂ ನಿವಾಸಕ್ಕೆ ಅರ್ಜಿ ಹಾಕಿದಾಗ ಕೊಟ್ಟ ತೆರಿಗೆ ಪತ್ರದಲ್ಲಿ ಸ್ವಂತ ದುಡಿಮೆಯ ಆದಾಯವೆಂಬ ಸಾಲನ್ನು ಕಂಡ ಅಧಿಕಾರಿ, ಇದಕ್ಕೆ ಅನುಮತಿ ಎಲ್ಲಿ ಎಂದು ಕೇಳಿದರು. ವಕೀಲರಿಗೆ ಕೊಟ್ಟ ಶುಲ್ಕ ತರಬೇತಿಯ ಸಂಪಾದನೆಯನ್ನು ಮೀರಿತು, ಅರ್ಜಿ ಮೂಲೆಗೆ ಬಿತ್ತು.

ಈ ವಿಷಯದಲ್ಲಿ ಭಾರತದ ವ್ಯವಸ್ಥೆಯೇ ವಾಸಿ ಎಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಇಂಥದೇ ತರಬೇತಿ ಕೊಟ್ಟರೆ ಕೊಡುವವರೇ ಶೇಕಡಾ 10 ಟಿಡಿಎಸ್ ಹಿಡಿದು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ, ಪ್ಯಾನ್ ಸಂಖ್ಯೆಯೊಂದಿದ್ದರೆ ಸಾಕು, ಸೇವೆಗಳ ವಹಿವಾಟು 20 ಲಕ್ಷ ಮುಟ್ಟುವವರೆಗೆ ಜಿಎಸ್‌ಟಿಯ ಗೊಡವೆ ಸಾಮಾನ್ಯವಾಗಿ ಇರುವುದಿಲ್ಲ. ಸಣ್ಣ ಸಂಪಾದನೆಗೆ ಸಣ್ಣ ಕಾಗದ. ಅಲ್ಲಿ ನಾವು ಪ್ರಜೆಗಳು, ಇಲ್ಲಿ ಪರದೇಶದವರು ಎಂಬುದು ನಿಜವೇ. ಆದರೆ ಅನುಮತಿಯೆಲ್ಲ ಸರಿಯಿರುವ ಜರ್ಮನ್ನರೂ ಈ ಪ್ರಶ್ನಾವಳಿಯ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಇನ್ನೂ ಒಂದು ವಿಚಿತ್ರವಿದೆ. ಬ್ಲೂ ಕಾರ್ಡಿನವರ ಗಂಡನಿಗೋ ಹೆಂಡತಿಗೋ ಕುಟುಂಬದ ಆಧಾರದಲ್ಲಿ ಸಿಗುವ ಪರವಾನಗಿಯಲ್ಲಿ ಎಲ್ಲ ಬಗೆಯ ದುಡಿಮೆಗೂ, ಸ್ವಂತ ದುಡಿಮೆಗೂ ಅವಕಾಶವಿರುತ್ತದೆ. ಹಾಗಾಗಿ ಯಾರ ಕೆಲಸದ ಬಲದಿಂದ ಕುಟುಂಬ ಇಲ್ಲಿಗೆ ಬಂತೋ ಅವರು ಅನುಮತಿಯಿಲ್ಲದೆ ಬಿಲ್ ಬರೆಯುವಂತಿಲ್ಲ, ಜೊತೆಗೆ ಬಂದವರು ಧಾರಾಳವಾಗಿ ಬರೆಯಬಹುದು. ಹಾಗೆಂದು ನೀವು ಮಾಡಿದ ಕೆಲಸಕ್ಕೆ ಅವರ ಹೆಸರಿನಲ್ಲಿ ಬಿಲ್ ಕಳಿಸುವ ಜಾಣತನ ತೋರಿಸಬೇಡಿ, ಅದು ಇನ್ನೊಂದು ಅಪರಾಧ. ವಿದ್ಯಾರ್ಥಿಗಳ ಲೆಕ್ಕ ಮತ್ತೂ ಬೇರೆ: ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದೆಂಬ ನಿಯಮ ನೌಕರಿಗೆ ಸಂಬಂಧಿಸಿದ್ದು, ಸ್ವಂತ ದುಡಿಮೆಗೆ ಅವರೂ ಪ್ರತ್ಯೇಕ ಅನುಮತಿ ಕೇಳಬೇಕು.

ಹಾಗಾದರೆ ಮೇಜಿನಲ್ಲಿ ಏನು ಉತ್ತರ ಕೊಡಬೇಕು? ನನ್ನ ಕಾರ್ಡಿನಲ್ಲಿ ಅದಕ್ಕೆ ಅವಕಾಶವಿಲ್ಲ, ನಮ್ಮ ಕಂಪನಿಯ ಮೂಲಕ ಕೇಳಿ ಎಂದರೆ ಯಾರೂ ಬೇಸರಪಡುವುದಿಲ್ಲ. ಕಂಪನಿ ಕಂಪನಿಗಳ ನಡುವೆ ಒಪ್ಪಂದವಾಗಿ, ನಿಮ್ಮ ಸಂಬಳದೊಳಗೇ ನೀವು ಹೋಗಿ ಪಾಠ ಮಾಡಿ ಬರಬಹುದು. ಕೂಟದಲ್ಲಿ ಸಂಭಾವನೆಯಿಲ್ಲದೆ ಭಾಷಣ ಮಾಡುವುದಕ್ಕೆ, ಮುಕ್ತ ತಂತ್ರಾಂಶಕ್ಕೆ ಬಿಟ್ಟಿಯಾಗಿ ಕೋಡ್ ಬರೆಯುವುದಕ್ಕೆ ಈ ರಗಳೆ ಇಲ್ಲ. ಸ್ವಲ್ಪ ಕಾಯುವ ತಾಳ್ಮೆಯಿದ್ದರೆ ಬ್ಲೂ ಕಾರ್ಡಿನವರಿಗೆ ಉಳಿದ ಷರತ್ತುಗಳು ಕೂಡಿಬಂದಲ್ಲಿ 27 ತಿಂಗಳಿಗೆ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳಿಗೇ ಕಾಯಂ ನಿವಾಸ ಸಿಗುತ್ತದೆ. ಅದರ ಮೇಲೆ ಸ್ವಂತ ದುಡಿಮೆಗೆ ವಿದೇಶಿಯರ ಕಚೇರಿಯ ಅಪ್ಪಣೆ ಬೇಡ. ಜರ್ಮನ್ ಮಾತಾಡುವ ಸ್ಟಾಮ್‌ಟಿಶ್‌ಗೆ ಹೋಗಿ ಎಂದು ನಾನು ಒತ್ತಿ ಹೇಳುವುದಕ್ಕೆ ಆ ಆರು ತಿಂಗಳ ಉಳಿತಾಯವೂ ಒಂದು ಕಾರಣ.

ಉಳಿದ ಎಚ್ಚರಿಕೆಗಳು ಚಿಕ್ಕವು. ಕಚೇರಿಯಲ್ಲಿ ಬರೆದ ಕೋಡನ್ನು ಕೂಟದಲ್ಲಿ ತೋರಿಸಬೇಡಿ, ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮಿನ ಆರ್ಥಿಕ ಹಕ್ಕುಗಳು ಸಾಮಾನ್ಯವಾಗಿ ಮಾಲೀಕರವು. ಊಟದ ಮೇಜಿನ ಗುಂಪು ಫೋಟೋವನ್ನು ಕೇಳದೆ ಎಲ್ಲಿಯೂ ಹಾಕಬೇಡಿ. ಮುಖ ಕಾಣುವ ಚಿತ್ರವನ್ನು ಪ್ರಕಟಿಸಲು ಆ ವ್ಯಕ್ತಿಯ ಒಪ್ಪಿಗೆ ಬೇಕೆಂಬುದು ಇಲ್ಲಿ ಹಳೆಯ ಕಾನೂನು, ಜನರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಖಾಸಗಿಯಾಗಿ ಆಡಿದ ಮಾತನ್ನು ಹೇಳದೆ ಧ್ವನಿಮುದ್ರಿಸಿಕೊಳ್ಳುವುದಂತೂ ದಂಡಸಂಹಿತೆಯ ಅಪರಾಧ.

ಒಂದೆರಡು ವರ್ಷ ತಪ್ಪದೆ ಹೋದವರನ್ನು ಸಂಘಟನೆಗೆ ಕೈಜೋಡಿಸಲು ಕರೆಯುತ್ತಾರೆ, ಖಂಡಿತ ಒಪ್ಪಿಕೊಳ್ಳಿ. ಕೆಲವು ಕೂಟಗಳು ಬರಿಯ ಗೆಳೆಯರ ಗುಂಪು, ಇನ್ನು ಕೆಲವು ನೋಂದಾಯಿತ ಸಂಘ. ಹಲವು ಊರುಗಳ ಜಾವಾ ಕೂಟಗಳು ಸೇರಿ ಕಟ್ಟಿಕೊಂಡ ಒಕ್ಕೂಟವೂ ನೋಂದಾಯಿತವೇ, ಜರ್ಮನಿಯ ಕನ್ನಡ ಸಂಘಗಳಲ್ಲಿ ಕೆಲವು ಇದೇ ಕಾನೂನಿನಡಿ ನಡೆಯುತ್ತವೆ. ನೋಂದಣಿಗೆ ಕನಿಷ್ಠ ಏಳು ಸದಸ್ಯರು ಬೇಕು. ಸದಸ್ಯತ್ವ ಬಿಡಲು ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಸಂಘದ ಬೈಲಾದಲ್ಲಿದ್ದರೆ ಆ ಅವಧಿ ಎರಡು ವರ್ಷದವರೆಗೂ ಇರಬಹುದಾದ್ದರಿಂದ, ಊರು ಬಿಡುವವರು ಮೊದಲೇ ಓದಿಕೊಳ್ಳಬೇಕು. ಕೂಟ ನೋಂದಣಿಯಾಗಿಲ್ಲದಿದ್ದರೆ ಸಭಾಂಗಣದ ಬಾಡಿಗೆ ಕರಾರಿಗೆ ನೀವೊಬ್ಬರೇ ಸಹಿ ಹಾಕಬೇಡಿ. ಅಂದು ಜನ ಬರಲಿ ಬಿಡಲಿ, ಬಾಡಿಗೆ ಕೇಳುವ ಪತ್ರ ಬರುವುದು ಸಹಿ ಮಾಡಿದವರ ಮನೆ ವಿಳಾಸಕ್ಕೇ.